ತಿಂಗಳಿಗೊಂದು ಮುಟ್ಟಿನ ರಜೆ: ಲೆಕ್ಕ ತಪ್ಪುವುದೆಲ್ಲಿ?

ಉದ್ಯೋಗಸ್ಥ ಮಹಿಳೆಯರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ನವೆಂಬರ್‌ನಲ್ಲಿ ಹೊರಬಿದ್ದ ಆದೇಶದ ಪ್ರಕಾರ ತಿಂಗಳಿಗೆ ಒಂದು ರಜೆ. ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಆದರೆ ಬಳಸದ ರಜೆಯನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವಂತಿಲ್ಲ. ಈ ಷರತ್ತು ದೇಹದ ಲೆಕ್ಕಕ್ಕೆ ಹೊಂದುವುದಿಲ್ಲ.

ಗರ್ಭ ನಿಲ್ಲಬಹುದೆಂದು ದೇಹ ಪ್ರತಿ ಚಕ್ರದಲ್ಲೂ ಮೊದಲೇ ಸಿದ್ಧವಾಗುತ್ತದೆ. ಈಸ್ಟ್ರೋಜೆನ್ ಹಾರ್ಮೋನ್ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತದೆ. ಅಂಡಾಣು ಬಿಡುಗಡೆಯಾದ ಬಳಿಕ ಪ್ರೊಜೆಸ್ಟರಾನ್ ಆ ಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಹಾರ್ಮೋನ್‌ಗಳ ಮಟ್ಟ ಕುಸಿದು, ಒಳಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಆಗ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಸ್ನಾಯುಗಳನ್ನು ಹಿಂಡುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ಮುಖ್ಯ ಕಾರಣ ಇದೇ.

ಈ ಚಕ್ರ ಎಲ್ಲರಿಗೂ 28 ದಿನಕ್ಕೇ ಬರುವುದಿಲ್ಲ. ವಯಸ್ಕರಲ್ಲಿ 21ರಿಂದ 35 ದಿನಗಳ ಅಂತರ ಸಹಜ. 24 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಒಂದೇ ತಿಂಗಳಲ್ಲಿ ಎರಡು ಬಾರಿ ಆಗಬಹುದು; ರಜೆ ಮಾತ್ರ ಒಂದೇ. 35 ದಿನದ ಚಕ್ರದವರಿಗೆ ಕೆಲವು ತಿಂಗಳು ಮುಟ್ಟೇ ಆಗದೆ ರಜೆ ವ್ಯರ್ಥವಾಗಬಹುದು. ಅದೇ 12 ರಜೆಗಳನ್ನು ಬೇಕಾದಾಗ ಬಳಸಲು ಬಿಟ್ಟರೆ ಮಾಲೀಕರ ಮೇಲೆ ಹೆಚ್ಚುವರಿಯಾಗಿ ಒಂದು ರಜೆಯ ಹೊರೆಯೂ ಬೀಳದು.

ಇನ್ನೊಂದು ಕೊರತೆ ವ್ಯಾಪ್ತಿಯದು. ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ತೋಟ, ಬೀಡಿ, ಮೋಟಾರು ಸಾರಿಗೆ ಕಾಯ್ದೆಗಳಡಿ ಬರುವ ಸಂಸ್ಥೆಗಳಿಗೆ ಈ ಆದೇಶ ಅನ್ವಯ. ಮನೆಗೆಲಸದವರು ಇದರಲ್ಲಿಲ್ಲ. ನೋವು ಅವರಿಗೂ ಅಷ್ಟೇ. ಆದರೆ ಅವರಲ್ಲಿ ಹಲವರಿಗೆ ರಜೆ ಹಾಕಿದ ದಿನದ ಸಂಬಳ ಸಿಗುವುದಿಲ್ಲ.