ಸ್ವದೇಶೀ ತಂತ್ರಾಂಶ: ನನ್ನ ಭಾಷಣಕ್ಕೊಂದು ತಿದ್ದುಪಡಿ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸಂಘದಲ್ಲಿ “ವಿದೇಶೀ ತಂತ್ರಾಂಶವನ್ನು ಬಿಟ್ಟು ಸ್ವದೇಶೀ ತಂತ್ರಾಂಶವನ್ನೇ ಬಳಸತಕ್ಕದ್ದು” ಎಂಬ ವಿಷಯವಾಗಿ ಚರ್ಚೆ ನಡೆದದ್ದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ನಾನು ಪರವಾಗಿ ಮಾತನಾಡಿದೆ. ಖಾದಿಯನ್ನು ತಂದೆ, ಉಪ್ಪಿನ ಸತ್ಯಾಗ್ರಹವನ್ನು ತಂದೆ, ಮೇಜನ್ನು ಎರಡು ಸಲ ಗುದ್ದಿದೆ, ಬಹುಮಾನವೂ ಬಂತು. ಆ ಪುಸ್ತಕವನ್ನು ಹಿಂದಿರುಗಿಸುವ ಯೋಚನೆಯೇನೂ ನನಗಿಲ್ಲ. ಆದರೆ ಅಂದು ಆಡಿದ ಮಾತಿನಲ್ಲಿ ಅರ್ಧದಷ್ಟನ್ನು ಹಿಂತೆಗೆದುಕೊಳ್ಳಬೇಕೆಂದು ಈಗ ನನಗೆ ತೋರುತ್ತಿದೆ. ಉಳಿದರ್ಧವನ್ನು ಮಾತ್ರ ಅಂದಿಗಿಂತ ಗಟ್ಟಿಯಾಗಿ ಹೇಳಬೇಕೆಂದಿದ್ದೇನೆ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದೆಂಥ ವಿಷಯವೆಂದು ಅಧ್ಯಾಪಕ ಮಹಾಶಯರು ಹುಬ್ಬೇರಿಸಬಾರದು. ನಮ್ಮಲ್ಲಿ ಬಿ.ಎ. ಮುಗಿಸಿ ಹೋದ ಎಷ್ಟೋ ಮಂದಿ ಇಂದು ಬೆಂಗಳೂರಿನ ಕಚೇರಿಗಳಲ್ಲಿ ಇಂಥ ತಂತ್ರಾಂಶಗಳ ಮುಂದೆಯೇ ದಿನ ಕಳೆಯುತ್ತಿದ್ದಾರೆ. ಅಲ್ಲದೆ ಈ ಸಂಚಿಕೆಯ ಕೆಲಸವೂ ಅಂಥದೊಂದು ಹಲಗೆಯ ಮೇಲೆಯೇ ನಡೆಯಿತು. ಹಲಗೆಯೆಂದರೆ ಗಣಕದ ತೆರೆಯ ಮೇಲಿನ ಹಲಗೆ. ಅದರಲ್ಲಿ ಉದ್ದಕ್ಕೆ ಕೆಲವು ಕಂಬಗಳು: “ಮಾಡಬೇಕಾದ್ದು”, “ನಡೆಯುತ್ತಿರುವುದು”, “ಮುಗಿದದ್ದು”. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಕೆಲಸ ಮುಂದುವರಿದಂತೆ ಚೀಟಿಯನ್ನು ಕಂಬದಿಂದ ಕಂಬಕ್ಕೆ ಸರಿಸುತ್ತಾರೆ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯ್ಚಿ ಓನೋ ಎಂಬವರು ಬೆಳೆಸಿದ ಪದ್ಧತಿಯ ಮೊಮ್ಮಗನಿದು. ಅಲ್ಲಿ ಇದಕ್ಕೆ ಕಾನ್‌ಬಾನ್ ಎಂದು ಹೆಸರು, ಫಲಕವೆಂದೇ ಅರ್ಥ. ತಂತ್ರಾಂಶ ತಯಾರಿಸುವವರು ಇದರ ಜೊತೆಗೆ ಎರಡೆರಡು ವಾರದ ಕಂತುಗಳನ್ನು ಸೇರಿಸಿಕೊಂಡರು. ಕಂತಿಗೆ ಸ್ಪ್ರಿಂಟ್ ಎನ್ನುತ್ತಾರೆ, ಒಟ್ಟು ಪದ್ಧತಿಗೆ ಅಜೈಲ್ ಎನ್ನುತ್ತಾರೆ. ಈ ಹಲಗೆಗಳಲ್ಲಿ ಬಲು ಹೆಸರಾದದ್ದು ಆಸ್ಟ್ರೇಲಿಯದಲ್ಲಿ ಹುಟ್ಟಿದ ಅಟ್ಲಾಸಿಯನ್ ಕಂಪೆನಿಯ ಜಿರಾ. ಗಾಡ್ಜಿಲ್ಲಾ ರಾಕ್ಷಸನ ಜಪಾನೀ ಹೆಸರಾದ ಗೊಜಿರಾದಿಂದ ಈ ಹೆಸರನ್ನು ಕತ್ತರಿಸಿಕೊಂಡರಂತೆ.

ಭಾಷಣದಲ್ಲಿ ನಾನು ಹೇಳಿದ ಭಯದ ಮಾತುಗಳು ಸುಳ್ಳಲ್ಲ. 2022ರ ಮಾರ್ಚಿಯಲ್ಲಿ ಉಕ್ರೇನಿನ ಯುದ್ಧ ಮೊದಲಾದ ಕೆಲವೇ ದಿನಗಳಲ್ಲಿ ಅಟ್ಲಾಸಿಯನ್ ರಷ್ಯದಲ್ಲಿ ಹೊಸ ಮಾರಾಟವನ್ನು ನಿಲ್ಲಿಸಿತು. ಯುದ್ಧವನ್ನು ಬೆಂಬಲಿಸುವ ಸರ್ಕಾರೀ ಒಡೆತನದ ಸಂಸ್ಥೆಗಳ ಪರವಾನಗಿಯನ್ನು ತಡೆಹಿಡಿಯಿತು. ಯುದ್ಧದ ನ್ಯಾಯಾನ್ಯಾಯ ಬೇರೆ ವಿಷಯ, ಅದನ್ನು ಇಲ್ಲಿ ಎತ್ತುವುದಿಲ್ಲ. ನಿನ್ನೆಯವರೆಗೆ ತೆರೆದಿದ್ದ ಬಾಗಿಲನ್ನು ಹೊರಗಿನವರೊಬ್ಬರು ಮುಚ್ಚಬಲ್ಲರೆಂಬುದಷ್ಟೇ ನಮಗೆ ಬೇಕಾದ ಸಂಗತಿ. ಅದೇ ತಿಂಗಳ 30ರಂದು ಅಲ್ಲಿನ ಸರ್ಕಾರ, ಮುಖ್ಯ ಸೌಕರ್ಯಗಳನ್ನು ನಡೆಸುವ ಸರ್ಕಾರೀ ಸಂಸ್ಥೆಗಳು 2025ರ ಜನವರಿ 1ರಿಂದ ಅಲ್ಲಿ ವಿದೇಶೀ ತಂತ್ರಾಂಶ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ರಷ್ಯ ದೂರವೆನ್ನುವವರು ಗುಜರಾತಿನ ವಾಡಿನಾರನ್ನು ನೋಡಬಹುದು. ಅಲ್ಲಿ ತೈಲ ಶುದ್ಧೀಕರಣ ನಡೆಸುವ ನಯಾರಾ ಎನರ್ಜಿ ಕಂಪೆನಿಯಲ್ಲಿ ರಷ್ಯದ ರಾಸ್‌ನೆಫ್ಟಿಗೆ ಪಾಲುಂಟು. 2025ರ ಜುಲೈಯಲ್ಲಿ ಯೂರೋಪಿನ ಒಕ್ಕೂಟ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪೆನಿಗೆ ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ಕಂಪೆನಿ ದಿಲ್ಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅನಂತರ ಸೇವೆ ಮರಳಿತು. ಭಾರತದ ನೆಲದಲ್ಲಿ, ಭಾರತದ ಕಾನೂನಿಗೆ ಒಳಪಟ್ಟು, ಹಣ ಕೊಟ್ಟು ಪಡೆದ ಸೇವೆಯ ಕಥೆ ಇದು.

ಯುದ್ಧವೇ ಬೇಕೆಂದೂ ಇಲ್ಲ. 2022ರ ಏಪ್ರಿಲಿನಲ್ಲಿ ಅಟ್ಲಾಸಿಯನ್ನಿನವರು ಒಂದು ಹಳೆಯ ಉಪಾಂಗವನ್ನು ತೆಗೆದುಹಾಕಲು ಹೋಗಿ, ಆಜ್ಞೆಗೆ ತಪ್ಪು ಗುರುತುಸಂಖ್ಯೆಗಳನ್ನು ಕೊಟ್ಟು, 700ಕ್ಕೂ ಹೆಚ್ಚು ಗಿರಾಕಿಗಳ ಹಲಗೆಗಳನ್ನೇ ಅಳಿಸಿಬಿಟ್ಟರು. ಎಲ್ಲವನ್ನೂ ಮರಳಿ ನಿಲ್ಲಿಸಲು ಎರಡು ವಾರ ಹಿಡಿಯಿತು. ಇದು ಕೈತಪ್ಪು, ಯಾರಿಗೂ ಆಗಬಹುದು. ಆದರೆ ಗಿರಾಕಿಗಳು ತಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದಾಗಿದ್ದ ಸರ್ವರ್ ಮಾದರಿಯ ಜಿರಾಕ್ಕೆ ಆಧಾರವನ್ನು 2024ರ ಫೆಬ್ರವರಿ 15ಕ್ಕೆ ನಿಲ್ಲಿಸಿದ್ದು ಕೈತಪ್ಪಲ್ಲ, ವ್ಯಾಪಾರದ ತೀರ್ಮಾನ. ಮನೆ ಕೊಂಡವನನ್ನು ಬಾಡಿಗೆದಾರನಾಗೆಂದು ಹೇಳಿದ ಹಾಗಾಯಿತು.

ಇಷ್ಟರವರೆಗೆ ನನ್ನ ಭಾಷಣ ಸರಿಯಾಗಿಯೇ ಇತ್ತು. ಮುಂದಿನ ಹೆಜ್ಜೆಯಲ್ಲಿ ಎಡವಿದೆ. “ಆದುದರಿಂದ ನಾಳೆಯೇ ಎಲ್ಲರೂ ಸ್ವದೇಶೀ ಹಲಗೆಗೆ ಬರಲಿ” ಎಂದುಬಿಟ್ಟೆ. ಸಭೆ ಚಪ್ಪಾಳೆ ತಟ್ಟಿತು. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನ್ನ ಅಕ್ಕನಿಗೆ ಆ ಭಾಷಣವನ್ನು ಹೆಮ್ಮೆಯಿಂದ ಓದಿ ಹೇಳಿದಾಗ ಅವಳು ಚಪ್ಪಾಳೆ ತಟ್ಟಲಿಲ್ಲ. “ನಿನಗೆ ಬಹುಮಾನ ಬಂತು, ನನಗೆ ಆರು ಭಾನುವಾರ ಹೋಯಿತು ಕಣೋ” ಎಂದಳು.

ಅವಳ ತಂಡಕ್ಕೆ ಮೇಲಿನವರಿಂದ ಅಪ್ಪಣೆ ಬಂದಿತ್ತು: ಮೂರು ತಿಂಗಳೊಳಗೆ ವಿದೇಶೀ ಹಲಗೆಯಿಂದ ದೇಶೀಯ ಹಲಗೆಗೆ ಎಲ್ಲವನ್ನೂ ಸಾಗಿಸತಕ್ಕದ್ದು. ಚೀಟಿಗಳ ತಲೆಬರಹ, ವಿವರಣೆಗಳು ಸುಲಭವಾಗಿ ಬಂದವು. ಬಾರದೆ ಹೋದದ್ದು ಚೀಟಿಗಳ ನಡುವಣ ನಂಟು. ಈ ದೋಷ ಆ ದೋಷದಿಂದ ಹುಟ್ಟಿತು, ಈ ಕೆಲಸ ಮುಗಿಯದೆ ಆ ಕೆಲಸ ಹಿಡಿಯಲಾಗದು ಎಂಬ ಕೊಂಡಿಗಳೆಲ್ಲ ಕಳಚಿಕೊಂಡವು. ಏಳು ವರ್ಷಗಳಲ್ಲಿ ಯಾರು ಯಾವಾಗ ಏನು ಹೇಳಿದರೆಂಬ ಟಿಪ್ಪಣಿಗಳೆಲ್ಲ ಸಾಗಿಸಿದವಳ ಒಂದೇ ಹೆಸರಿನಲ್ಲಿ, ಒಂದೇ ತಾರೀಖಿನಲ್ಲಿ ಬಂದು ಬಿದ್ದವು. “ಕೆಲಸ ಬಿಟ್ಟು ಹೋದವರು ಬರೆದ ಮಾತನ್ನೂ ನಾನೇ ಬರೆದಂತೆ ಆಯಿತು. ಅದರಲ್ಲಿ ನನ್ನನ್ನೇ ಬೈದದ್ದೂ ಉಂಟು” ಎಂದಳು. ಹಳೆಯ ಹಲಗೆಗೆ ಅಂಟಿಸಿಕೊಂಡಿದ್ದ ಹತ್ತಾರು ಉಪಾಂಗಗಳಿಗೆ ಹೊಸದರಲ್ಲಿ ಜೋಡಿಯೇ ಇರಲಿಲ್ಲ. ತಂಡದ ತರುಣರು ಎರಡು ಹಲಗೆಯಲ್ಲೂ ಬರೆಯತೊಡಗಿದರು. ಎರಡರಲ್ಲಿಯೂ ನಿಜ ಉಳಿಯಲಿಲ್ಲ.

ಈ ತೊಡಕನ್ನು ಕಂಪೆನಿಯ ದೊಡ್ಡವರು ಬಿಡಿಸಲಿಲ್ಲ, ಒಂದು ಗೋಡೆ ಬಿಡಿಸಿತು. ಹೊಸ ಹಲಗೆ ಹದಕ್ಕೆ ಬರುವವರೆಗೆ ಎಂದುಕೊಂಡು ತಂಡದವರು ಎರಡು ವಾರ ಗೋಡೆಗೆ ಬಣ್ಣದ ಕಾಗದದ ಚೀಟಿಗಳನ್ನು ಅಂಟಿಸಿ ಕೆಲಸ ನಡೆಸಿದರಂತೆ. ಆ ಕಂತಿನ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಿತು. ಆಗ ಅವರಿಗೆ ಹೊಳೆದದ್ದು, ಹಳೆಯ ಹಲಗೆಯಲ್ಲಿ ತುಂಬುತ್ತಿದ್ದ ನಲವತ್ತು ಅಂಕಣಗಳಲ್ಲಿ ದಿನವೂ ಬೇಕಾದವು ಐದೋ ಆರೋ ಮಾತ್ರವೆಂದು. ಆಮೇಲೆ ಅವರು ನಡೆಯುತ್ತಿರುವ ಕೆಲಸದ ಚೀಟಿಗಳನ್ನಷ್ಟೇ ಹೊಸ ಹಲಗೆಗೆ ತಂದು, ಹಳೆಯದನ್ನೆಲ್ಲ ಓದಲು ಮಾತ್ರ ಬರುವ ಕಡತವಾಗಿ ತೆಗೆದಿರಿಸಿದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡಿನಲ್ಲಿ ಸೇರಿ ಅಜೈಲ್ ಘೋಷಣೆಯನ್ನು ಬರೆದ 17 ಮಂದಿ, ಉಪಕರಣಕ್ಕಿಂತಲೂ ಕ್ರಮಕ್ಕಿಂತಲೂ ಮನುಷ್ಯರಿಗೆ, ಅವರ ಮಾತುಕತೆಗೆ ಹೆಚ್ಚಿನ ಬೆಲೆ ಕೊಟ್ಟಿದ್ದರು. ಆ ಹೆಸರಿನಲ್ಲಿಯೇ ಇಂದು ಉಪಕರಣಗಳ ಇಷ್ಟು ದೊಡ್ಡ ಸಂತೆ ನೆರೆದಿದೆ.

ಸ್ವದೇಶಿಯೆಂಬ ಮಾತಿಗೆ ಬರೋಣ. 1977ರಲ್ಲಿ ವಿದೇಶೀ ವಿನಿಮಯದ ಕಾನೂನಿಗೆ ಒಪ್ಪದೆ ಕೋಕಾ ಕೋಲಾ ಕಂಪೆನಿ ಭಾರತವನ್ನು ಬಿಟ್ಟಿತು, ಮರುವರ್ಷ ಐ.ಬಿ.ಎಂ. ಬಿಟ್ಟಿತು. ಅಂದಿನ ಕೈಗಾರಿಕಾ ಸಚಿವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಹೋದ ಪಾನೀಯಕ್ಕೆ ಬದಲಾಗಿ ಸರ್ಕಾರವೇ ಒಂದು ಪಾನೀಯವನ್ನು ಹೊರತಂದಿತು. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ. ಹೆಸರು ಡಬಲ್ ಸೆವೆನ್. ಇಂದು ಅದರ ಹೆಸರು ಕೇಳಿದವರೇ ಕಡಮೆ. ಅದೇ ಕಾಲದಲ್ಲಿ ಪಾರ್ಲೆಯವರ ಥಮ್ಸ್ ಅಪ್ ಬಂತು. ಜನ ಅದನ್ನು ಕುಡಿದರು. ಎರಡೂ ಸ್ವದೇಶಿಯೇ. ಒಂದು ಸೊರಗಿತು, ಒಂದು ಬಾಳಿತು. ಬಾಳಿದ್ದರ ಗತಿಯೇನಾಯಿತೆಂದರೆ, 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಅದನ್ನೇ ಕೊಂಡುಕೊಂಡಿತು. ಇಂದು ಸ್ವದೇಶಿಯೆಂದು ಅಪ್ಪಿಕೊಂಡದ್ದು ನಾಳೆ ಯಾರದಾಗುವುದೋ ಬಲ್ಲವರಾರು? ಭಾಷಣದ ದಿನ ಈ ಪ್ರಶ್ನೆಯನ್ನು ಎದುರು ಪಕ್ಷದವರು ಕೇಳಲಿಲ್ಲ, ನನ್ನ ಪುಣ್ಯ.

ಐ.ಬಿ.ಎಂ.ನ ಕಥೆ ಬೇರೆ. ಅದು ಬಿಟ್ಟುಹೋದ ಗಣಕಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರದ ಸಿ.ಎಂ.ಸಿ. ಸಂಸ್ಥೆಯ ಮೇಲೆ ಬಿತ್ತು. ಪರರು ಕಟ್ಟಿದ ಯಂತ್ರವನ್ನು ಬಿಚ್ಚಿ, ತಿಳಿದು, ನಡೆಸುವ ಕೈಗಳು ಅಲ್ಲಿ ತಯಾರಾದವು. ಯಂತ್ರ ವಿದೇಶೀ, ಕೈ ಸ್ವದೇಶಿ. ಪಾನೀಯದ ಸ್ವದೇಶಿಗಿಂತ ಈ ಸ್ವದೇಶಿ ನನಗೆ ದೊಡ್ಡದಾಗಿ ಕಾಣುತ್ತದೆ. ಇನ್ನು ಜಿರಾದ ಕಂಪೆನಿಗೆ ಬೆಂಗಳೂರಿನಲ್ಲಿಯೇ ಕಚೇರಿಯುಂಟು, ಅಲ್ಲಿ ದುಡಿಯುವವರು ನಮ್ಮ ಅಣ್ಣಂದಿರು, ಅಕ್ಕಂದಿರು. ಹಾಗಿರಲು ಕೈಯನ್ನು ನೋಡಿ ವಿದೇಶಿಯೆನ್ನಬೇಕೋ ಕೀಲಿಯನ್ನು ನೋಡಿ ಎನ್ನಬೇಕೋ?

ಕೀಲಿಯನ್ನೇ ನೋಡಬೇಕೆಂದು ನನಗೆ ಮನವರಿಕೆಯಾದದ್ದು ನಮ್ಮ ಕಾಲೇಜಿನ ಕಪಾಟಿನಿಂದ. ಈ ಸಂಚಿಕೆಗೆ ಹಳೆಯ ಸಂಚಿಕೆಗಳಿಂದ ಎರಡು ಲೇಖನಗಳನ್ನು ಆರಿಸೋಣವೆಂದು ಹೊರಟಾಗ, ಇಪ್ಪತ್ತು ವರ್ಷ ಹಿಂದಿನ ಒಂದು ಸಿ.ಡಿ. ಸಿಕ್ಕಿತು. ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳೂ ಆಶ್ಚರ್ಯಚಿಹ್ನೆಗಳೂ ಕಲಸಿಕೊಂಡು ಕುಣಿಯುತ್ತಿದ್ದವು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಅಕ್ಷರ ತಂತ್ರಾಂಶಗಳು ಒಂದೊಂದೂ ತನ್ನದೇ ಸಂಕೇತದಲ್ಲಿ ಕನ್ನಡವನ್ನು ಬರೆದಿಡುತ್ತಿದ್ದವು. ಆ ಅಕ್ಷರ ಶೈಲಿ ಇಲ್ಲದ ಗಣಕದಲ್ಲಿ ಅದು ಕನ್ನಡವೇ ಅಲ್ಲ. ಬರೆದವರು ಕನ್ನಡಿಗರು, ತಂತ್ರಾಂಶ ಮಾಡಿದವರು ಕನ್ನಡಿಗರು, ಓದಹೊರಟವರೂ ಕನ್ನಡಿಗರು. ಆದರೂ ನಮ್ಮ ಮಾತು ನಮಗೆ ಸಿಕ್ಕಲಿಲ್ಲ. ಪರಿವರ್ತಿಸುವ ಸಾಧನಗಳಿವೆ, ಅವನ್ನು ಬಳಸಿ ಒಂದು ಲೇಖನವನ್ನು ಬಿಡಿಸಿಕೊಂಡೆವು. ಒತ್ತಕ್ಷರಗಳನ್ನು ತಿದ್ದುವುದರಲ್ಲಿ ಎರಡು ಸಂಜೆ ಕಳೆದವು. ಇನ್ನೊಂದನ್ನು ಕೈಬಿಟ್ಟೆವು.

ಆದುದರಿಂದ ಹಲಗೆಯನ್ನು ಆರಿಸುವಾಗ ನಾನು ಮೊದಲು ಕೇಳಬೇಕೆನ್ನುವ ಪ್ರಶ್ನೆ ಅದರ ಊರಿನದಲ್ಲ. ನಾಳೆ ಬಿಟ್ಟು ಹೋಗಬೇಕಾದರೆ ನಮ್ಮ ಚೀಟಿಗಳನ್ನು, ಅವುಗಳ ನಂಟು, ಹೆಸರು, ತಾರೀಖು ಸಹಿತ, ಬೇರೆ ಯಾವುದೇ ತಂತ್ರಾಂಶ ಓದಬಲ್ಲ ರೂಪದಲ್ಲಿ ಕೊಡುತ್ತದೆಯೇ? ಕೊಡದಿದ್ದರೆ ಅದು ಚೆನ್ನೈಯದಾದರೇನು, ಸಿಡ್ನಿಯದಾದರೇನು. ಕೊಡುವುದಾದರೆ, ಎರಡು ಹಲಗೆಗಳು ಸರಿಸಮವಾಗಿದ್ದಾಗ, ದೇಶೀಯದನ್ನೇ ಆರಿಸಬೇಕೆಂದು ಈಗಲೂ ವಾದಿಸುತ್ತೇನೆ. ಜಗಳ ಬಂದರೆ ನಮ್ಮ ನ್ಯಾಯಾಲಯದಲ್ಲಿ ಕೇಳಬಹುದು, ಹಣ ನಮ್ಮಲ್ಲಿ ಉಳಿಯುತ್ತದೆ, ಕೈ ಪಳಗುತ್ತದೆ. ಶ್ರೀಧರ ವೆಂಬು ಮತ್ತು ಸಂಗಡಿಗರು 1996ರಲ್ಲಿ ಆರಂಭಿಸಿದ, ಇಂದು ಜೋಹೋ ಎಂದು ಹೆಸರಾದ ಕಂಪೆನಿ ತೆಂಕಾಸಿಯಂಥ ಊರಿನಲ್ಲಿ ಕುಳಿತೂ ಲೋಕಕ್ಕೆ ತಂತ್ರಾಂಶ ಮಾರುತ್ತಿದೆ. ಅದರ ಸ್ಪ್ರಿಂಟ್ಸ್ ಎಂಬುದು ಇಂಥ ತಂಡಗಳಿಗಾಗಿಯೇ ಮಾಡಿದ ಹಲಗೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮಿಂಚಂಚೆ ಅದೇ ಕಂಪೆನಿಯ ವ್ಯವಸ್ಥೆಗೆ ಬಂದಿದೆ. ಇದು ಹೆಮ್ಮೆಯ ವಿಷಯ. ಹೆಮ್ಮೆಯ ನಡುವೆಯೂ ಕೀಲಿಯ ಪ್ರಶ್ನೆಯನ್ನು ಅದಕ್ಕೂ ಕೇಳಲೇಬೇಕು.

ಇನ್ನೊಂದು ದಾರಿಯುಂಟು: ಒಳಗಿನ ಬರವಣಿಗೆಯೆಲ್ಲ ತೆರೆದಿರುವ ಮುಕ್ತ ತಂತ್ರಾಂಶ. ರೆಡ್‌ಮೈನ್, ಜರ್ಮನಿಯ ಓಪನ್‌ಪ್ರಾಜೆಕ್ಟ್ ಈ ಬಗೆಯವು. ಹುಟ್ಟಿದ್ದು ಪರದೇಶದಲ್ಲಾದರೂ ನಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು, ಯಾರೂ ಹೊರಗಿನಿಂದ ಬಾಗಿಲು ಹಾಕಲಾರರು. ಸರ್ಕಾರದ ಕಚೇರಿಗಳಲ್ಲಿ ಇಂಥದಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಭಾರತ ಸರ್ಕಾರ 2015ರಲ್ಲಿಯೇ ಒಪ್ಪಿಕೊಂಡಿದೆ. ಆದರೆ ಮನೆಯಲ್ಲಿ ಹಸು ಕಟ್ಟಿದವನು ಹೊತ್ತುಹೊತ್ತಿಗೆ ಹುಲ್ಲು ಹಾಕಲೇಬೇಕು. ಪ್ರತಿ ತೆಗೆದಿಡುವುದು, ಹೊಸ ತಿದ್ದುಗಳನ್ನು ಹಾಕುವುದು, ಯಂತ್ರ ಕೆಟ್ಟ ರಾತ್ರಿ ಎದ್ದು ಬರುವುದು, ಇವನ್ನು ಮಾಡುವವನೊಬ್ಬನಿಲ್ಲದಿದ್ದರೆ ಉಚಿತವೆಂದು ತಂದದ್ದು ಬಲು ತುಟ್ಟಿಯಾಗುತ್ತದೆ.

ನಮ್ಮ ಸಂಚಿಕೆಯ ಸಮಿತಿಯ ಹಲಗೆ ಒಂದು ವಿದೇಶೀ ಕಂಪೆನಿಯ ಉಚಿತ ಹಲಗೆ. ಲೇಖನಗಳು ಬರುತ್ತಿದ್ದ ಹೊತ್ತಿನಲ್ಲಿ ಸದಸ್ಯರ ಸಂಖ್ಯೆ ಮಿತಿ ಮೀರಿತೆಂದು ಅದು ನಮ್ಮನ್ನು ಹೊರಗೆ ನಿಲ್ಲಿಸಿತು. ನಾಲ್ವರ ಹೆಸರನ್ನು ತೆಗೆದ ಮೇಲೆ ಒಳಗೆ ಬಿಟ್ಟಿತು. ಹೆಸರು ತೆಗೆಸಿಕೊಂಡವರಲ್ಲಿ ಸಂಚಿಕೆಯ ಚಿತ್ರಗಳನ್ನು ಬರೆದವನೂ ಒಬ್ಬ. ಮುಂದಿನ ವರ್ಷದ ಸಮಿತಿಗೆ ನನ್ನ ಸೂಚನೆ ಇದು: ಗಣಕ ಪ್ರಯೋಗಾಲಯದ ಒಂದು ಹಳೆಯ ಯಂತ್ರದಲ್ಲಿ ರೆಡ್‌ಮೈನ್ ಹಾಕಿ, ಅದನ್ನು ನೋಡಿಕೊಳ್ಳಲು ದ್ವಿತೀಯ ಬಿ.ಎ.ಯ ಇಬ್ಬರನ್ನು ಈಗಲೇ ತಯಾರು ಮಾಡುವುದು. ತಿಂಗಳಿಗೊಮ್ಮೆ ಎಲ್ಲ ಚೀಟಿಗಳನ್ನೂ ಯೂನಿಕೋಡ್ ಕನ್ನಡದ ಸಾದಾ ಪಠ್ಯವಾಗಿ ಹೊರತೆಗೆದು ಗ್ರಂಥಾಲಯಕ್ಕೆ ಒಪ್ಪಿಸುವುದು. ಇಬ್ಬರು ಸಿಗದಿದ್ದರೆ ಸಮಿತಿಯ ಕೊಠಡಿಯ ಕರಿಹಲಗೆಯಲ್ಲಿ ಮೂರು ಗೆರೆ ಎಳೆದರೂ ಕೆಲಸ ನಡೆಯುತ್ತದೆ. ಪ್ರಾಂಶುಪಾಲರಿಗೆ ಅರ್ಜಿಯನ್ನು ಕೊಟ್ಟಿದ್ದೇನೆ. ಇದಕ್ಕೆ ಒಪ್ಪದವರು ಚರ್ಚಾಸಂಘದ ಮುಂದಿನ ಕೂಟದಲ್ಲಿ ವಿರೋಧವಾಗಿ ಮಾತನಾಡಲಿ. ಈ ಸಲ ನಾನು ಸಭಿಕರ ಸಾಲಿನಲ್ಲಿ ಕುಳಿತು ಕೇಳುತ್ತೇನೆ.