ಕಾಲೇಜಿಗೆ ಮರಳಲೊಲ್ಲದ ಮಗ

ದೀಪಾವಳಿಯ ರಜೆ ಮುಗಿದು ವಾರವಾಗಿತ್ತು. ಪರಿಚಿತ ಮನೆತನದ ತಾಯಿಯೊಬ್ಬರು ನಮ್ಮಲ್ಲಿಗೆ ಬಂದು, ಮಗನು ಕಾಲೇಜಿಗೆ ಮರಳಿ ಹೋಗಲೊಲ್ಲನೆಂದು ಕಣ್ಣೀರಿಟ್ಟರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಊರಿಗೇ ಮೊದಲಿಗನಾದ ಹುಡುಗ. ಪಿಯುಸಿಯನ್ನು ಹೇಗೋ ದಾಟಿ ಬಿ.ಎಸ್ಸಿ. ಸೇರಿದ್ದನು. ಗಣಿತದ ಮೊದಲ ಕಿರುಪರೀಕ್ಷೆಯಲ್ಲಿಯೇ ಮುಗ್ಗರಿಸಿದನು. 'ಹೊಲವಿದೆ, ಬಂದು ಗೇಯಲಿ' ಎಂದು ತಂದೆ ತೀರ್ಮಾನಿಸಿಬಿಟ್ಟಿದ್ದರು.

ಆಸಕ್ತಿಯಿಲ್ಲ, ಅಡಿಪಾಯ ಸಾಲದು, ಮನೆಯಲ್ಲಿ ಓದಿದವರಿಲ್ಲ ಎಂದು ಹಿರಿಯರಾದ ನಾವು ಬೇಗನೆ ಹೇಳಿಬಿಡುತ್ತೇವೆ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಕಲನಶಾಸ್ತ್ರದಲ್ಲಿ ಹಿಂದೆ ಬೀಳುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನು ಕುರಿತು ಹೀಗೆಯೇ ಎಣಿಸಿದ್ದರು. ಯೂರಿ ಟ್ರೀಸ್‌ಮನ್ ಎಂಬ ಸಂಶೋಧಕರು ಆ ಹುಡುಗರ ಜೊತೆಯಲ್ಲಿದ್ದು ನೋಡಿದಾಗ ಕಂಡದ್ದೇ ಬೇರೆ. ಅವರಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೆನ್ನಾಗಿ ಉತ್ತೀರ್ಣರಾಗುತ್ತಿದ್ದ ಚೀನೀ ಮೂಲದವರು ಒಂಟಿಯಾಗಿ ಓದಿದ ಮೇಲೆ ಒಟ್ಟಿಗೆ ಕುಳಿತು ಪರಸ್ಪರರ ತಪ್ಪನ್ನು ತಿದ್ದುತ್ತಿದ್ದರು. ಟ್ರೀಸ್‌ಮನ್ನರು ಸುಲಭ ಪಾಠದ ತರಗತಿಯನ್ನು ತೆರೆಯಲಿಲ್ಲ. ಹುಡುಗರನ್ನು ಗುಂಪಾಗಿ ಕೂರಿಸಿ ಇನ್ನೂ ಕಠಿಣವಾದ ಲೆಕ್ಕಗಳನ್ನೇ ಕೊಟ್ಟರು. ಫಲವೂ ದೊರೆಯಿತು.

ನಮಗಿದು ಅಚ್ಚರಿಯೆನಿಸಲಿಲ್ಲ. ಮಠದ ಪಾಠಶಾಲೆಯಲ್ಲಿ ಲಘುಸಿದ್ಧಾಂತಕೌಮುದಿಯ ಸೂತ್ರಗಳನ್ನು ಗುರುಗಳು ಹಗಲು ಹೇಳಿದರೂ ಅವು ನಮಗೆ ತಿಳಿಯುತ್ತಿದ್ದುದು ರಾತ್ರಿ, ಸಹಪಾಠಿಗಳೊಡನೆ ಜಗಳವಾಡುತ್ತ ಚಿಂತನ ಮಾಡುವಾಗಲೇ. (ಜಗಳ ಕೆಲವೊಮ್ಮೆ ಸೂತ್ರವನ್ನು ಬಿಟ್ಟು ಹೊದಿಕೆಯ ಬಗೆಗೂ ಆಗುತ್ತಿದ್ದುದುಂಟು.)

ಹುಡುಗನನ್ನು ಕರೆಸಿ ವಿಚಾರಿಸಿದೆವು. ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ನಡುರಾತ್ರಿಯವರೆಗೆ ಓದುತ್ತಿದ್ದನಂತೆ. ತನ್ನ ಇಂಗ್ಲಿಷಿಗೆ ನಕ್ಕಾರೆಂದು ಅಧ್ಯಾಪಕರನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ನಾಚಿಕೆಯಿಂದ ತರಗತಿಗೆ ಹೋಗುವುದನ್ನೇ ಬಿಟ್ಟಿದ್ದನು. ತಂದೆತಾಯಿಗಳು ಇಲ್ಲಿ ಎಚ್ಚರ ವಹಿಸಬೇಕು. ಅನುತ್ತೀರ್ಣವಾದ ವಿಷಯವನ್ನು ಮತ್ತೆ ಬರೆಯಬಹುದು. ಹಾಜರಾತಿ ಕುಸಿದರೆ ಪರೀಕ್ಷೆಗೆ ಕೂರುವ ಅವಕಾಶವೇ ತಪ್ಪುತ್ತದೆ. ಸಾಮಾನ್ಯವಾಗಿ ಶೇಕಡಾ 75ರಷ್ಟು ಹಾಜರಾತಿ ಬೇಕು. ಆದುದರಿಂದ ಮಕ್ಕಳು ಊರಿಗೆ ಬಂದಾಗ ಅಂಕಕ್ಕೆ ಮೊದಲು ಹಾಜರಾತಿಯನ್ನು ಕೇಳಿರಿ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವನ್ನೂ ಕೇಳಿರಿ. ಅದು ತಪ್ಪಿ ಶುಲ್ಕ ಕಟ್ಟಲಾಗದೆ ಓದು ನಿಂತ ಮನೆಗಳನ್ನು ಬಲ್ಲೆವು.

ಅದೇ ಪಟ್ಟಣದಲ್ಲಿರುವ ಭಕ್ತರೊಬ್ಬರು ತಮ್ಮ ಪಡಸಾಲೆಯನ್ನು ಸಂಜೆ ಎರಡು ಗಂಟೆ ಬಿಟ್ಟುಕೊಟ್ಟರು. ನಾಲ್ವರು ಹುಡುಗರು, ಮೇಲಿನ ತರಗತಿಯ ವಿದ್ಯಾರ್ಥಿನಿಯೊಬ್ಬಳು. ಪುಸ್ತಕ ಇಂಗ್ಲಿಷಿನದು, ವಾದವೆಲ್ಲ ಕನ್ನಡದಲ್ಲಿ. ಖರ್ಚು ಚಹಾದ್ದಷ್ಟೆ. ಇಂತಹ ಪಡಸಾಲೆ ಇನ್ನಾರಲ್ಲಿಯಾದರೂ ಇದ್ದರೆ ನಮಗೊಂದು ಪತ್ರ ಬರೆಯಬೇಕೆಂದು ಕೋರುತ್ತೇವೆ.

ಫಲಿತಾಂಶ ಇನ್ನೂ ಬರಬೇಕಿದೆ. ಮೊನ್ನೆ ಆ ತಂದೆ ಜಾತ್ರೆಯಲ್ಲಿ ಸಿಕ್ಕಿದ್ದರು. ಅಂಕದ ಮಾತೆತ್ತಲಿಲ್ಲ, ಮಗನೊಡನೆ ಓದುವ ಮೂವರು ಹುಡುಗರ ಹೆಸರನ್ನೂ ಊರನ್ನೂ ಒಂದೊಂದಾಗಿ ಹೇಳಿದರು.