ಯಂತ್ರದ ದಿನಚರಿಯಲ್ಲಿ ಯಾವುದನ್ನು ಬರೆಯಬೇಕು?

ಗಣಕಯಂತ್ರದಲ್ಲಿ ನಡೆಯುವ ಪ್ರೋಗ್ರಾಮುಗಳು ನೂರಾರು. ಅವುಗಳನ್ನೆಲ್ಲ ಆಳುವ ತಿರುಳು ಒಂದೇ. ಅದಕ್ಕೆ ಕರ್ನಲ್ ಎಂದು ಹೆಸರು. ಸ್ಮೃತಿಯನ್ನು ಹಂಚಿಕೊಡುವುದು, ಸಲಕರಣೆಗಳನ್ನು ನಡೆಸುವುದು, ಒಂದು ಪ್ರೋಗ್ರಾಮು ಇನ್ನೊಂದರ ಎಲ್ಲೆಯನ್ನು ಮೀರದಂತೆ ಕಾಯುವುದು, ಇವೆಲ್ಲ ಅದರ ಹೊಣೆ. ಈ ಕೆಲಸಗಳ ನಡುವೆ ಕರ್ನಲ್ ಒಂದು ದಿನಚರಿಯನ್ನೂ ಬರೆಯುತ್ತ ಹೋಗುತ್ತದೆ. ಯಾವ ಸಲಕರಣೆ ಸಿದ್ಧವಾಯಿತು, ಯಾವುದು ಉತ್ತರ ಕೊಡಲಿಲ್ಲ, ಎಲ್ಲಿ ದೋಷ ತಲೆದೋರಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಇದೇ ಲಾಗ್. ಇದರಲ್ಲಿ ಎಷ್ಟನ್ನು ಬರೆಯಬೇಕು, ಎಷ್ಟನ್ನು ಮರೆಸಬೇಕು ಎಂಬ ಪ್ರಶ್ನೆ ಕೇವಲ ತಜ್ಞರಿಗೆ ಸೇರಿದ್ದೆಂದು ತೋರಬಹುದು. ಆದರೆ ಆಂಡ್ರಾಯ್ಡ್ ಫೋನುಗಳು ಲಿನಕ್ಸ್ ಕರ್ನಲ್ಲಿನ ಆಧಾರದಿಂದಲೇ ನಡೆಯುವುದರಿಂದ, ನಮ್ಮ ಕಿಸೆಯಲ್ಲಿರುವ ವಸ್ತುವಿನ ಕ್ಷೇಮವೂ ಈ ಪ್ರಶ್ನೆಗೆ ಸೇರಿದೆ.

ದೋಷವನ್ನು ಹುಡುಕುವವನಿಗೆ ಲಾಗ್ ಎಂಬುದು ವೈದ್ಯನ ಕೈಗೆ ರೋಗಿಯ ಜ್ವರದ ಪಟ್ಟಿ ಇದ್ದಂತೆ. ಸ್ಮೃತಿಯಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದು ವಿಳಾಸವುಂಟು. ಲಾಗಿನ ಎರಡು ಸಾಲುಗಳಲ್ಲಿ ಒಂದೇ ವಿಳಾಸ ಕಂಡುಬಂದರೆ, ಎರಡೂ ಒಂದೇ ವಸ್ತುವನ್ನು ಕುರಿತವೆಂದು ಊಹಿಸಬಹುದು. ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಯನ್ನು ಪ್ರೋಗ್ರಾಮು ಮತ್ತೆ ಮುಟ್ಟಿದೆಯೆಂಬಂತಹ ತಪ್ಪುಗಳು ಹೀಗೆ ಬಯಲಾಗುತ್ತವೆ. ಆದುದರಿಂದ ಕರ್ನಲ್ ಬರೆಯುವವರು ಬಹುಕಾಲ ವಿಳಾಸಗಳನ್ನು ಇದ್ದುದಿದ್ದಂತೆಯೇ ಲಾಗಿನಲ್ಲಿ ಮುದ್ರಿಸುತ್ತಿದ್ದರು.

ಕನ್ನಗಳ್ಳನಿಗೆ ಬೇಕಾದುದೂ ಈ ವಿಳಾಸವೇ. ಕರ್ನಲ್ಲಿನ ದೋಷವೊಂದರ ಮೂಲಕ ಯಂತ್ರವನ್ನು ವಶಪಡಿಸಿಕೊಳ್ಳಲು ಹವಣಿಸುವವನು, ಒಳಗೆ ಯಾವುದು ಎಲ್ಲಿದೆ ಎಂಬುದನ್ನು ಸಾಮಾನ್ಯವಾಗಿ ಅರಿತಿರಬೇಕಾಗುತ್ತದೆ. ಇದನ್ನು ತಡೆಯಲೆಂದು, ಯಂತ್ರ ಪ್ರಾರಂಭವಾದಾಗಲೆಲ್ಲ ಚೀಟಿ ಎತ್ತಿದಂತೆ ಕರ್ನಲ್ಲನ್ನು ಬೇರೆ ಬೇರೆ ನೆಲೆಯಲ್ಲಿ ಇರಿಸುವ ಉಪಾಯವು 2014ರಲ್ಲಿ ಲಿನಕ್ಸಿಗೆ ಸೇರಿತು. ಮೇಜಿನ ಮೇಲಿನ ಸಾಮಾನ್ಯ 64 ಬಿಟ್ ಗಣಕಗಳಲ್ಲಿ ಕರ್ನಲ್ಲಿನ ಮೂಲಭಾಗಕ್ಕೆ ಇದಕ್ಕಾಗಿ ದೊರೆಯುವ ಜಾಗ 1 ಗಿಗಾಬೈಟ್. 2 ಮೆಗಾಬೈಟಿಗೊಂದರಂತೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 512 ನೆಲೆಗಳು. ಈ ಭಾಗವೆಲ್ಲ ಒಟ್ಟಾಗಿಯೇ ಸರಿಯುವುದರಿಂದ, ಅದರೊಳಗಿನ ಒಂದೇ ವಿಳಾಸ ಲಾಗಿನಲ್ಲಿ ಹೊರಬಿದ್ದರೂ ಉಳಿದುದನ್ನು ಕೂಡಿ ಕಳೆದು ಕಂಡುಕೊಳ್ಳಬಹುದು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟರೆ ಫಲವೇನು?

ಈ ಅಪಾಯವನ್ನು ಲಿನಕ್ಸ್ ತಂಡದವರು ಮೊದಲೇ ಗುರುತಿಸಿದ್ದರು. 2011ರಲ್ಲಿ ಹೊರಬಂದ ಆವೃತ್ತಿಗಳಲ್ಲಿ ಎರಡು ಏರ್ಪಾಡುಗಳಿದ್ದವು. ಒಂದು, ಸಾಮಾನ್ಯ ಬಳಕೆದಾರನು ಲಾಗನ್ನು ಓದದಂತೆ ತಡೆಯುವುದು. ಇನ್ನೊಂದು, ಪ್ರೋಗ್ರಾಮು ಬರೆಯುವವನು ವಿಶೇಷ ಸಂಕೇತವಿಟ್ಟು ಸೂಚಿಸಿದ ವಿಳಾಸಗಳನ್ನು ಮಾತ್ರ ಮರೆಸುವುದು. ಮೊದಲನೆಯದರಿಂದ ಕಳ್ಳನೊಡನೆ ಪ್ರಾಮಾಣಿಕನಿಗೂ ಬಾಗಿಲು ಮುಚ್ಚಿತು. ಎರಡನೆಯದು ಬರೆಯುವವನ ನೆನಪನ್ನು ನೆಚ್ಚಿತ್ತು. ಸಾವಿರಾರು ಜನ ಸೇರಿ ಬರೆಯುವ ಕೃತಿಯಲ್ಲಿ ಎಲ್ಲರೂ ಎಲ್ಲ ಕಡೆಯೂ ನೆನಪಿಡುವರೆಂದು ನಂಬುವುದು ಸಾಧ್ಯವಿಲ್ಲ.

2018ರ ಜನವರಿಯಲ್ಲಿ ಬಂದ 4.15ನೆಯ ಆವೃತ್ತಿಯು ಈ ಕ್ರಮವನ್ನು ತಿರುಗಿಸಿತು. ಸಾಧಾರಣ ರೀತಿಯಲ್ಲಿ ಮುದ್ರಿಸಿದ ವಿಳಾಸವೆಲ್ಲ ಅಂದಿನಿಂದ ಹ್ಯಾಷ್ ಎಂಬ ಗಣಿತಕ್ರಿಯೆಗೆ ಒಳಗಾಗಿ ಬೇರೊಂದು ಸಂಖ್ಯೆಯಾಗಿ ಹೊರಬರುತ್ತದೆ. ಅದಕ್ಕೆ ಬೇಕಾದ ಗುಪ್ತ ಕೀಲಿಯನ್ನು ಯಂತ್ರವು ಪ್ರತಿ ಸಲ ಪ್ರಾರಂಭವಾದಾಗಲೂ ಹೊಸದಾಗಿ ಆರಿಸಿಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸುವವರೆಗೆ ಒಂದು ವಿಳಾಸಕ್ಕೆ ಒಂದೇ ಸಂಖ್ಯೆ. ವಿಶ್ವವಿದ್ಯಾನಿಲಯದ ಪರೀಕ್ಷೆಗಳಲ್ಲಿ ಉತ್ತರಪತ್ರಿಕೆಗೆ ನೋಂದಣಿ ಸಂಖ್ಯೆಯ ಬದಲು ಗುಪ್ತಸಂಖ್ಯೆಯನ್ನು ಕೊಡುವ ಪದ್ಧತಿಯನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಗುಪ್ತಸಂಖ್ಯೆಯ ಹಾಳೆಗಳೆಲ್ಲ ಒಬ್ಬನವೇ ಎಂಬುದು ಪರೀಕ್ಷಕನಿಗೆ ತಿಳಿಯುತ್ತದೆ, ಅವನಾರೆಂಬುದು ತಿಳಿಯದು. ದೋಷಶೋಧಕನಿಗೂ ಬಹುಪಾಲು ಬೇಕಾದುದು ‘ಇದೂ ಅದೂ ಒಂದೆಯೇ’ ಎಂಬ ಅರಿವು. ‘ಇದು ಎಲ್ಲಿದೆ’ ಎಂಬುದಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಸ್ಮೃತಿಯ ಪೂರ್ಣ ಪ್ರತಿಯನ್ನು ತೆಗೆದು ಲಾಗಿನೊಡನೆ ಹೋಲಿಸಿ ನೋಡುವವನಿಗೆ ಹ್ಯಾಷ್ ಸಂಖ್ಯೆಯಿಂದ ಉಪಯೋಗವಿಲ್ಲ. ಅಂತಹವರಿಗಾಗಿ 2021ರ ಏಪ್ರಿಲ್‌ನಲ್ಲಿ ಬಂದ 5.12ನೆಯ ಆವೃತ್ತಿಯಲ್ಲಿ, ಪ್ರಾರಂಭದಲ್ಲಿಯೇ ಅಪ್ಪಣೆ ಕೊಟ್ಟು ನಿಜವಾದ ವಿಳಾಸಗಳನ್ನು ಪಡೆಯುವ ಅನುಕೂಲವನ್ನು ಕಲ್ಪಿಸಲಾಯಿತು. ಹಾಗೆ ಮಾಡಿದಾಗ ಕರ್ನಲ್, ಇದರಿಂದ ರಕ್ಷಣೆ ಕುಗ್ಗಬಹುದೆಂಬ ಎಚ್ಚರಿಕೆಯನ್ನು ಎದ್ದು ಕಾಣುವಂತೆ ಲಾಗಿನಲ್ಲಿ ಬರೆಯುತ್ತದೆ. ವಿಳಾಸವು ಸೋರುವ ಬೇರೆ ದಾರಿಗಳಿವೆ, ಲಾಗೊಂದನ್ನು ಮುಚ್ಚಿ ಏನು ಪ್ರಯೋಜನ ಎಂದು ಕೇಳುವವರೂ ಉಂಟು. ದಾರಿಗಳಿರುವುದು ನಿಜ, ಆದರೆ ಹಿತ್ತಿಲ ಬೇಲಿ ಮುರಿದಿದೆಯೆಂದು ಮುಂಬಾಗಿಲನ್ನು ತೆರೆದಿಡುವುದು ವಿವೇಕವಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಏರ್ಪಾಡು ನ್ಯಾಯವಾದುದು. ಯಾರೂ ಏನನ್ನೂ ಹೇಳದಿದ್ದಾಗ ಯಂತ್ರ ರಕ್ಷಣೆಯ ಕಡೆಗೆ ನಿಲ್ಲಬೇಕು. ಅನುಕೂಲ ಬೇಕಾದವನು ಅದನ್ನು ತಿಳಿದು, ಕೇಳಿ, ತನ್ನ ಹೊಣೆಯ ಮೇಲೆ ಪಡೆಯಬೇಕು. ಫೋನು ಬಳಸುವ ಕೋಟಿ ಕೋಟಿ ಜನ ತಮ್ಮ ಲಾಗನ್ನು ಎಂದೂ ತೆರೆದು ನೋಡುವವರಲ್ಲ. ತಮಗೆ ಬೇಡವಾದ ಅನುಕೂಲಕ್ಕಾಗಿ ಅವರು ಅಪಾಯವನ್ನು ಹೊರಬೇಕೆನ್ನುವುದು ಸಲ್ಲದು.

ಈ ಮಾತು ಕರ್ನಲ್ಲಿಗೆ ಮಾತ್ರ ಅನ್ವಯಿಸುವುದಿಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು, ತನ್ನ ಒಳಗಿನ ಲಾಗೊಂದರಲ್ಲಿ ಬಳಕೆದಾರರ ಗುಪ್ತಪದಗಳು ಮರೆಸದೆ ದಾಖಲಾಗಿದ್ದವೆಂದು ತಿಳಿಸಿ, ಅವುಗಳನ್ನು ಬದಲಾಯಿಸಿಕೊಳ್ಳಲು ಎಲ್ಲರಿಗೂ ಸೂಚಿಸಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವವರು ಇದನ್ನು ಗಮನಿಸಬೇಕು. ಲಾಗಿನಲ್ಲಿ ಒಂದು ಸಾಲನ್ನು ಸೇರಿಸುವ ಮೊದಲು, ಇದನ್ನು ಓದುವವರು ಯಾರು ಯಾರು, ದೋಷವನ್ನು ಹುಡುಕಲು ಈ ಅಂಶ ನಿಜವಾಗಿ ಬೇಕೆ, ಇದರ ಬದಲು ಒಂದು ಗುರುತು ಸಾಲದೆ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಅವರು ಇಂದೇ ಬೆಳೆಸಿಕೊಳ್ಳಲಿ. ನಾಳೆ ಅವರು ಬರೆಯುವ ಪ್ರೋಗ್ರಾಮುಗಳನ್ನು ನೆಚ್ಚಿ ಬದುಕುವವರು ನಾವೆಲ್ಲರೂ.